ಸ್ನಾನದ ಮನೆಗೆ ಗಾಜಿನ ಜಾರುಬಾಗಿಲು: ಒರೆಸೋರು ಯಾರು ಹೇಳಿ?

ಗೃಹಪ್ರವೇಶಕ್ಕೆ ಹೋದಾಗ ನಾವು ಹೆಂಗಸರು ಮೊದಲು ನೋಡೋದು ಅಡುಗೆ ಮನೆ, ಆಮೇಲೆ ದೇವರ ಮನೆ. ಈಚೀಚೆಗೆ ಈ ಪಟ್ಟಿಗೆ ಬಚ್ಚಲು ಮನೆಯೂ ಸೇರಿಕೊಂಡಿದೆ. "ಬನ್ರೀ, ನಮ್ಮ ಬಾತ್‌ರೂಮ್ ನೋಡೇ ಇಲ್ವಲ್ಲ" ಅಂತ ಮನೆಯೊಡತಿಯೇ ಕೈ ಹಿಡಿದು ಕರೆದುಕೊಂಡು ಹೋಗುತ್ತಾಳೆ. ಹೋಗಿ ನೋಡಿದರೆ ಶವರ್ ಇರುವ ಜಾಗಕ್ಕೆ ಅಡ್ಡಲಾಗಿ ಆಳೆತ್ತರದ ಗಾಜು! ಸುತ್ತ ಚೌಕಟ್ಟಿಲ್ಲ, ಮರವಿಲ್ಲ, ಅಲ್ಯುಮಿನಿಯಂ ಇಲ್ಲ. ಮೇಲೆ ಒಂದು ಹೊಳೆಯುವ ಸ್ಟೀಲ್ ಕಂಬಿ, ಎರಡು ಚಕ್ರ. ಒಂದು ಬೆರಳಲ್ಲಿ ತಳ್ಳಿದರೆ ಸದ್ದಿಲ್ಲದೆ ಜಾರುತ್ತೆ. ಮನೆಗೆ ವಾಪಸ್ ಬರುವಾಗ ಆಟೋದಲ್ಲೇ ಶುರು, "ಏನೂಂದ್ರೆ, ನಮ್ಮನೇಲೂ ಹಾಗೇ ಮಾಡಿಸೋಣ..."

ಮಾಡಿಸಿ, ಬೇಡ ಅನ್ನೋಲ್ಲ. ಗಾಜಿನ ಬಾಗಿಲಿನಿಂದ ಅನುಕೂಲ ಇದೆ. ಶವರ್ ನೀರು ಒಂದು ಕಡೆ ನಿಲ್ಲುತ್ತದೆ, ಕಮೋಡ್ ಮತ್ತು ವಾಷ್‌ಬೇಸಿನ್ ಕಡೆ ನೆಲ ಒಣಗಿರುತ್ತದೆ. ರಾತ್ರಿ ಎದ್ದು ಹೋಗುವ ಹಿರಿಯರು ಜಾರಿ ಬೀಳುವ ಭಯ ಕಡಿಮೆ. ತೆರೆಯೋ ಬಾಗಿಲಾದರೆ ಅದು ತಿರುಗಲು ಜಾಗ ಬೇಕು, ಚಿಕ್ಕ ಬಚ್ಚಲಲ್ಲಿ ಕಮೋಡಿಗೋ ಬೇಸಿನ್ನಿಗೋ ಬಡಿಯುತ್ತದೆ. ಜಾರುಬಾಗಿಲಿಗೆ ಆ ತೊಂದರೆ ಇಲ್ಲ. ಆದರೆ ಅಂಗಡಿಯಲ್ಲಿ ಗಾಜಿನ ಮುಂದೆ ನಿಂತು ಡಿಸೈನ್ ಆರಿಸುವ ಮೊದಲು ಮನೆಯಲ್ಲೇ ನೋಡಿಕೊಳ್ಳಬೇಕಾದ ಸಂಗತಿಗಳು ಕೆಲವು ಇವೆ. ನೀರು, ಅಳತೆ, ಗೋಡೆ, ನೆಲ. ಇವುಗಳ ಜೊತೆಗೆ ಇನ್ನೊಂದು. ದಿನಾ ಆ ಗಾಜು ಒರೆಸುವ ಕೈ ಯಾರದ್ದು?

ಮೊದಲು ನೀರು ನೋಡಿ

ನನ್ನ ನಾದಿನಿ ಹುತ್ರಿದುರ್ಗದ ಬೆಟ್ಟದ ಬುಡದಲ್ಲಿ, ಗಂಡನ ಪಿತ್ರಾರ್ಜಿತ ಜಾಗದಲ್ಲಿ ಮನೆ ಕಟ್ಟಿಸುತ್ತಿದ್ದಾಳೆ. ಹುತ್ರಿದುರ್ಗ ಗೊತ್ತಲ್ಲ, ಕುಣಿಗಲ್ ತಾಲ್ಲೂಕಿನದು. ಕೆಂಪೇಗೌಡರ ಕೋಟೆ ಇದ್ದ ಬೆಟ್ಟ, ಸಾವನದುರ್ಗ, ದೇವರಾಯನದುರ್ಗಗಳ ಹಾಗೆ ನವದುರ್ಗಗಳಲ್ಲಿ ಒಂದು. ಸುತ್ತ ಎಲ್ಲಿ ನೋಡಿದರೂ ಬಂಡೆ. ಮನೆ ತುಮಕೂರಿನ ಮನೆಯ ಹಾಗೇ ಇರಬೇಕು ಅನ್ನೋದು ಅವಳ ಆಸೆ. "ಅತ್ತಿಗೆ, ಎರಡೂ ಬಾತ್‌ರೂಮಿಗೆ ಗ್ಲಾಸ್ ಡೋರ್ ಹಾಕಿಸ್ತೀನಿ, ನೀವೂ ಬಂದು ಸೆಲೆಕ್ಟ್ ಮಾಡಿ" ಅಂದಳು. ನಾನು ಕೇಳಿದ ಮೊದಲ ಪ್ರಶ್ನೆ, "ಟ್ಯಾಂಕಿಗೆ ಬರೋದು ಯಾವ ನೀರು?" "ಬೋರ್‌ವೆಲ್ಲು, ಇನ್ಯಾವ್ದು!"

ವಿಷಯ ಇರೋದೇ ಅಲ್ಲಿ. ಬಂಡೆಯ ಸಂದುಗಳಲ್ಲಿ ಬಹುಕಾಲ ನಿಂತ ಆಳದ ನೀರು ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಇದೇ ಗಡಸು ನೀರು. ಸೋಪು ನೊರೆ ಬರೋದಿಲ್ಲ, ಬೇಳೆ ಬೇಗ ಬೇಯೋದಿಲ್ಲ, ಗೀಸರ್ ಕಾಯಿಲ್ ಮೇಲೆ ಸುಣ್ಣದ ಪದರ ಕಟ್ಟುತ್ತದೆ, ನಲ್ಲಿಯ ಬಾಯಲ್ಲಿ ಬಿಳಿ ಹರಳು. ಕುಣಿಗಲ್, ಗುಬ್ಬಿ ಕಡೆ ಬೋರ್‌ವೆಲ್ ನೀರಲ್ಲಿ ಸಂಸಾರ ಮಾಡಿದವರಿಗೆ ಇದನ್ನೆಲ್ಲ ಹೇಳಿಕೊಡಬೇಕಾಗಿಲ್ಲ. ತುಮಕೂರು ನಗರಕ್ಕೆ ಬುಗುಡನಹಳ್ಳಿ ಕೆರೆಯಿಂದ ಹೇಮಾವತಿ ನೀರು ಬರುತ್ತೆ, ನಿಜ. ಆದರೆ ನಲ್ಲಿ ಬಾರದ ದಿನ ಸಂಪಿಗೆ ಬೋರ್‌ವೆಲ್ ನೀರೇ ತುಂಬಿಸೋ ಮನೆಗಳು ನಗರದಲ್ಲೂ ಇವೆ.

ಈ ನೀರಿನ ಹನಿ ಗಾಜಿನ ಮೇಲೆ ಕೂತು ಒಣಗಿದರೆ ನೀರು ಆವಿಯಾಗಿ ಲವಣ ಅಲ್ಲೇ ಉಳಿಯುತ್ತದೆ. ಬಿಳೀ ಚುಕ್ಕೆ. ಸೋಪು ಈ ಲವಣದ ಜೊತೆ ಸೇರಿದರೆ ನೀರಿನಲ್ಲಿ ಕರಗದ ಜಿಗುಟು ಪದರ. ಒಂದು ದಿನದ್ದಾದರೆ ಬಟ್ಟೆಯಲ್ಲಿ ಹೋಗುತ್ತೆ. ಒಂದು ತಿಂಗಳದ್ದಾದರೆ ಉಜ್ಜಬೇಕು. ವರ್ಷಗಟ್ಟಲೆ ಬಿಟ್ಟರೆ ಗಾಜಿನ ಮೈಯನ್ನೇ ಹಿಡಿದುಬಿಡುತ್ತದೆ, ಆಮೇಲೆ ಪಾಲಿಷ್ ಮಾಡಿಸದೆ ಹೋಗೋಲ್ಲ. ತುಮಕೂರಿನಲ್ಲಿರುವ ನನ್ನ ಗೆಳತಿಯೊಬ್ಬಳ ಮನೆಯಲ್ಲಿ ಆಗಿದ್ದು ಇದೇ. ಹೊಸದರಲ್ಲಿ ಎಲ್ಲರಿಗೂ ತೋರಿಸುತ್ತಿದ್ದ ಬಾತ್‌ರೂಮ್ ಅದು. "ಈಗ ನೆಂಟರು ಬಂದ್ರೆ ನಾನೇ ಓಡಿಹೋಗಿ ಬಾತ್‌ರೂಮ್ ಬಾಗಿಲು ಹಾಕಿಬಿಡ್ತೀನಿ ಕಣೇ, ಸುಣ್ಣ ಬಳಿದ ಹಾಗೆ ಕಾಣುತ್ತೆ" ಅನ್ನುತ್ತಾಳೆ. ಅವಳು ಒರೆಸುತ್ತಿರಲಿಲ್ಲ ಅಂತಲ್ಲ, ಮನೆಯಲ್ಲಿ ಐದು ಜನ ಸ್ನಾನ ಮಾಡ್ತಾರೆ, ಒರೆಸುವವಳು ಒಬ್ಬಳೇ. ಮಂಡಿ ನೋವು ಬೇರೆ.

ನಿಮ್ಮ ನೀರು ಹೇಗಿದೆ ಅಂತ ನೋಡಲು ಸುಲಭದ ಉಪಾಯ ಹೇಳ್ತೀನಿ. ಶವರ್‌ಗೆ ಬರುವ ನೀರನ್ನೇ ಹತ್ತಾರು ಹನಿ ಹಳೇ ಕನ್ನಡಿಯ ಮೇಲೆ ಚಿಮುಕಿಸಿ, ಒರೆಸದೆ ಹಾಗೇ ಒಣಗಲು ಬಿಡಿ. ಒಂದು ವಾರ ದಿನಾ ಹೀಗೇ ಮಾಡಿ. ಏಳನೇ ದಿನ ಕನ್ನಡಿ ಹೇಗೆ ಕಾಣುತ್ತೋ, ಒರೆಸದೆ ಬಿಟ್ಟ ನಿಮ್ಮ ಗಾಜಿನ ಬಾಗಿಲೂ ಹಾಗೇ ಕಾಣುತ್ತೆ! ಸರಿಯಾದ ಲೆಕ್ಕ ಬೇಕಾದರೆ ಲ್ಯಾಬಿನಲ್ಲಿ ನೀರು ಪರೀಕ್ಷೆ ಮಾಡಿಸಿ, "ಗಡಸುತನ ಎಷ್ಟು" ಅಂತಲೇ ಕೇಳಿ. ಫಿಲ್ಟರ್ ಮಾರೋರು ನೀರಿಗೆ ಅದ್ದಿ ತೋರಿಸುವ ಟಿಡಿಎಸ್ ಮೀಟರ್ ಕರಗಿದ ಎಲ್ಲಾ ಲವಣವನ್ನೂ ಒಟ್ಟಿಗೆ ಹೇಳುತ್ತೆ, ಗಡಸುತನವನ್ನೇ ಬೇರೆಯಾಗಿ ಹೇಳೋಲ್ಲ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರಲ್ಲಿ (2012) ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 600ರ ತನಕ ಆಗಬಹುದು ಅಂತಿದೆ. ಅಂದರೆ ಕುಡಿಯೋಕೆ ಪಾಸಾದ ನೀರು ಗಾಜಿಗೆ ಫೇಲಾಗಬಹುದು.

ನೀರು ಮೆದು ಮಾಡುವ ಸಾಫ್ಟನರ್ ಹಾಕಿಸಬಹುದು. ಅದಕ್ಕೆ ಆಗಾಗ ಉಪ್ಪು ತುಂಬಬೇಕು, ಆ ಉಪ್ಪು ತೊಳೆದ ನೀರು ಹೊರಗೆ ಬಿಡಬೇಕು. ನಮ್ಮ ಕಡೆ ಬಚ್ಚಲ ನೀರು ಹೋಗೋದು ತೆಂಗಿನ ಪಾತಿಗೋ ಬಾಳೆ ಬುಡಕ್ಕೋ ತಾನೆ? ಆ ಉಪ್ಪು ನೀರು ಅಲ್ಲಿಗೆ ಹೋಗಬಾರದು, ಬೇರೆ ದಾರಿ ಮಾಡಿಸಿ. ಮಳೆ ನೀರು ಮಾತ್ರ ಪುಕ್ಕಟೆಯ ಮೆದು ನೀರು. ಹೊಸ ಮನೆಯಾದರೆ ಮಹಡಿ ನೀರಿಗೆ ಬೇರೆ ಸಂಪು ಮಾಡಿಸಿ, ಸ್ನಾನದ ಟ್ಯಾಂಕಿಗೆ ಅದನ್ನೇ ಹತ್ತಿಸಿದರೆ ಗಾಜಿಗೂ ಒಳ್ಳೇದು, ಕೂದಲಿಗೂ ಒಳ್ಳೇದು. ಗಾಜಿಗೆ ನೀರು ಅಂಟದ ಹಾಗೆ ಬಳಿಯುವ ಲೇಪ ಇದೆ ಅಂತ ಅಂಗಡಿಯವರು ಹೇಳ್ತಾರೆ. ಅದರಿಂದ ಒರೆಸೋದು ಸಲೀಸಾಗುತ್ತೆ, ಒರೆಸೋದೇ ತಪ್ಪೋಲ್ಲ. ಸವೆದ ಮೇಲೆ ಮತ್ತೆ ಬಳಿಯಬೇಕು.

ಟೇಪು ಹಿಡಿದು ಅಳೆಯಿರಿ

ಜಾರುಬಾಗಿಲಿನಲ್ಲಿ ಸಾಮಾನ್ಯವಾಗಿ ಎರಡು ಗಾಜು. ಒಂದು ಗೋಡೆಗೆ ಕೂರಿಸಿದ್ದು, ಅಲ್ಲಾಡೋಲ್ಲ. ಇನ್ನೊಂದು ಅದರ ಮೇಲೆ ಜಾರುವುದು. ಹಾಗಾಗಿ ಎಷ್ಟೇ ತೆರೆದರೂ ಅರ್ಧ ಜಾಗ ಮುಚ್ಚೇ ಇರುತ್ತದೆ. ಇದನ್ನು ಅಂಗಡಿಯಲ್ಲಿ ಯಾರೂ ಬಿಡಿಸಿ ಹೇಳೋಲ್ಲ.

ಲೆಕ್ಕ ಹಾಕೋಣ. ಶವರ್ ಜಾಗದ ಅಗಲ 5 ಅಡಿ, ಅಂದರೆ 60 ಇಂಚು ಇದೆ ಅಂದುಕೊಳ್ಳಿ. ಎರಡು ಗಾಜು ಒಂದರ ಮೇಲೊಂದು 2 ಇಂಚು ಬರಬೇಕು, ಹಾಗಾದರೆ ಒಂದೊಂದು 31 ಇಂಚು. ಹಿಡಿ ಮತ್ತು ತಡೆಗುಂಡಿಗೆ ಸುಮಾರು 3 ಇಂಚು ಹೋಗುತ್ತೆ. ಒಳಗೆ ಹೋಗಲು ಉಳಿಯೋದು 26 ಇಂಚು. ಪರವಾಗಿಲ್ಲ. ಅದೇ ಅಗಲ 4 ಅಡಿ ಆದರೆ ಉಳಿಯೋದು 20 ಇಂಚು. ಸ್ವಲ್ಪ ಮೈಯಿರುವವರು ಓರೆಯಾಗಿ ನುಗ್ಗಬೇಕು. ಮಗುವನ್ನು ಸೊಂಟದಲ್ಲಿ ಇಟ್ಟುಕೊಂಡು ಹೋಗೋಕೆ ಆಗೋಲ್ಲ, ಅತ್ತೆಯವರ ಕೈ ಹಿಡಿದು ಒಳಗೆ ಕೂರಿಸೋದಂತೂ ದೂರವೇ ಉಳಿಯಿತು. ನನ್ನ ಮಟ್ಟಿಗೆ ಹೇಳೋದಾದರೆ ನಾಲ್ಕೂವರೆ ಅಡಿಗಿಂತ ಕಡಿಮೆ ಇರುವ ಕಡೆ ಜಾರುಬಾಗಿಲಿನ ಯೋಚನೆ ಬಿಡೋದೇ ಮೇಲು.

ಇನ್ನೊಂದು ಮಾತು. ನೀವು ನಿಜವಾಗಲೂ ಶವರ್ ಕೆಳಗೆ ಸ್ನಾನ ಮಾಡ್ತೀರಾ? ಹೊಸದರಲ್ಲಿ ಎಲ್ಲರೂ ಮಾಡ್ತಾರೆ. ಆಮೇಲೆ ಮಣೆ, ಬಕೆಟ್ಟು, ಚೊಂಬು ಬಂದೇ ಬರುತ್ತೆ. ಯುಗಾದಿ, ದೀಪಾವಳಿಗೆ ಎಣ್ಣೆ ಸ್ನಾನ, ಸೀಗೆಪುಡಿ ಬೇರೆ. ಚೊಂಬಿನಲ್ಲಿ ಮೊಗೆದು ಸುರಿದುಕೊಂಡಾಗ ನೀರು ನೆಲಕ್ಕೆ ಬಡಿದು ಅಡಿಯಿಂದ ಹಾರುತ್ತೆ. ಜಾರುವ ಗಾಜಿನ ಕೆಳಗೆ ಸ್ವಲ್ಪ ಸಂದು ಇದ್ದೇ ಇರುತ್ತೆ, ಇರಲೇಬೇಕು, ಇಲ್ಲದಿದ್ದರೆ ಜಾರೋದು ಹೇಗೆ? ಹಾರಿದ ನೀರು ಅಲ್ಲಿಂದ ಆಚೆ ಬರುತ್ತೆ. ಫ್ರೇಮ್ ಇಲ್ಲದ ಬಾಗಿಲು ಪೂರ್ತಿ ನೀರು ತಡೆಯುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಹುತ್ರಿದುರ್ಗದ ಮನೆಯಲ್ಲಿ ನಾದಿನಿಯ ಅತ್ತೆ ಎಲ್ಲವನ್ನೂ ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದವರು ಕೊನೆಗೆ ಒಂದೇ ಮಾತು ಹೇಳಿದರು. "ನಾನೇನ್ ಮೀನೇನವ್ವ, ಗಾಜಿನ ತೊಟ್ಟೀಲಿರಾಕೆ?" ನಾವು ನಕ್ಕೆವು. ಆದರೆ ಆ ಮಾತಿನಲ್ಲಿ ಸಂಕೋಚವೂ ಇತ್ತು. ಬಾಗಿಲ ಚಿಲಕ ಹಾಕಿದ್ದರೂ ಪಾರದರ್ಶಕ ಗಾಜಿನ ಒಳಗೆ ಸ್ನಾನ ಮಾಡೋಕೆ ಹಿರಿಯರಿಗೆ ಮನಸ್ಸು ಒಪ್ಪೋಲ್ಲ. ಮಬ್ಬು ಗಾಜು ಸಿಗುತ್ತೆ. ಮರಳು ಹೊಡೆದು ಮಬ್ಬು ಮಾಡಿದ ಗಾಜಿನ ಒಂದು ಮಗ್ಗುಲು ಒರಟಾಗಿರುತ್ತೆ, ಆ ಮಗ್ಗುಲು ಒಳಗೆ ಬಂದರೆ ಸೋಪಿನ ಜಿಡ್ಡು ಹಿಡಿದುಕೊಂಡು ಬಿಡೋಲ್ಲ. ನುಣುಪು ಮಗ್ಗುಲು ಶವರ್ ಕಡೆಗೇ ಇರಲಿ.

ಗಾಜು ಎಂಥದ್ದು?

ಇಲ್ಲಿ ಮಾತ್ರ ರಾಜಿ ಬೇಡ. ಕಿಟಕಿಗೆ ಹಾಕುವ ಸಾಮಾನ್ಯ ಗಾಜು ಒಡೆದರೆ ಚೂರಿಯಂಥ ಉದ್ದುದ್ದ ಚೂರಾಗುತ್ತೆ. ಬಚ್ಚಲಲ್ಲಿ ಮೈಮೇಲೆ ಬಟ್ಟೆ ಇಲ್ಲ, ಕಾಲಡಿ ಒದ್ದೆ ನೆಲ. ಯೋಚಿಸಿದರೇ ಎದೆ ಝಲ್ ಅನ್ನುತ್ತೆ. ಅದಕ್ಕೇ ಟಫನ್ಡ್ ಗಾಜು ಕಡ್ಡಾಯ. ಗಾಜನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ, ಜೋರು ಗಾಳಿ ಹಾಯಿಸಿ ಥಟ್ಟನೆ ತಣಿಸುತ್ತಾರೆ. ಮೇಲ್ಮೈ ಬಿಗಿದುಕೊಂಡು, ಅದೇ ದಪ್ಪದ ಸಾಮಾನ್ಯ ಗಾಜಿಗಿಂತ ನಾಲ್ಕೈದು ಪಟ್ಟು ಗಟ್ಟಿಯಾಗುತ್ತೆ. ಒಡೆದರೂ ಕಲ್ಲುಸಕ್ಕರೆ ಹರಳಿನಂಥ ಮೊಂಡು ಚೂರುಗಳಾಗಿ ಉದುರುತ್ತೆ. ಗಾಯ ಆಗೋದೇ ಇಲ್ಲ ಅಂತಲ್ಲ, ಪ್ರಾಣಕ್ಕೆ ಸಂಚಕಾರ ಬರುವಂಥದ್ದು ತಪ್ಪುತ್ತೆ.

ಗುರುತಿಸೋದು ಹೇಗೆ? ಗಾಜಿನ ಮೂಲೆಯಲ್ಲಿ ಅಳಿಸದ ಮುದ್ರೆ ಇರಬೇಕು, ಐಎಸ್‌ಐ ಗುರುತು ಮತ್ತು ಐಎಸ್ 2553 ಅನ್ನೋ ಸಂಖ್ಯೆ. ಅಂಟಿಸಿದ ಸ್ಟಿಕ್ಕರ್ ಆಗೋಲ್ಲ. ಬಿಲ್ಲಿನಲ್ಲೂ ಟಫನ್ಡ್ ಎಂದು, ದಪ್ಪ ಎಷ್ಟು ಮಿಲಿಮೀಟರ್ ಎಂದು ಬರೆಸಿ. ಇನ್ನೊಂದು ತಮಾಷೆ ಪರೀಕ್ಷೆ ಇದೆ. ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಮನೆಯಲ್ಲಿ ಇದ್ದರೆ ಅದನ್ನು ಹಾಕಿಕೊಂಡು ಬೆಳಕಿನಲ್ಲಿ ಗಾಜನ್ನು ನೋಡಿ, ಟಫನ್ಡ್ ಆದರೆ ಮಸುಕು ಮಸುಕಾದ ಪಟ್ಟೆ, ಚುಕ್ಕೆಗಳು ಕಾಣುತ್ತವೆ. ಅಂಗಡಿಯಲ್ಲಿ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಗಾಜು ನೋಡೋ ಹೆಂಗಸನ್ನು ಕಂಡು ಅವರು ಏನಾದರೂ ಅಂದುಕೊಳ್ಳಲಿ ಬಿಡಿ!

ದಪ್ಪ 8 ಮಿಲಿಮೀಟರೋ 10 ಮಿಲಿಮೀಟರೋ? ಗಾಜಿನ ತೂಕದ ಲೆಕ್ಕ ಸುಲಭ, ಒಂದು ಚದರ ಮೀಟರಿಗೆ ಒಂದೊಂದು ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕಿಲೋ. ಎರಡೂವರೆ ಅಡಿ ಅಗಲ, ಆರೂವರೆ ಅಡಿ ಎತ್ತರದ ಗಾಜು 8 ಮಿಲಿಮೀಟರಾದರೆ ಸುಮಾರು 30 ಕಿಲೋ, 10 ಆದರೆ ಸುಮಾರು 38 ಕಿಲೋ. ಒಂದೂವರೆ ಸಿಮೆಂಟ್ ಮೂಟೆ ಅಂದುಕೊಳ್ಳಬೇಡಿ, ಮುಕ್ಕಾಲು ಮೂಟೆ. ಆದರೂ ಅದು ನೇತಾಡುವ ಮುಕ್ಕಾಲು ಮೂಟೆ, ದಿನಕ್ಕೆ ಹತ್ತು ಸಲ ಅತ್ತಿಂದಿತ್ತ ಓಡಾಡುವಂಥದ್ದು. ಮನೆ ಬಳಕೆಗೆ 8 ಸಾಕು. ಎತ್ತರ ಜಾಸ್ತಿ ಇದ್ದರೆ, ಮನೆಯಲ್ಲಿ ತುಂಟ ಗಂಡು ಮಕ್ಕಳಿದ್ದರೆ 10 ಹಾಕಿಸಿ.

ಟಫನ್ಡ್ ಗಾಜನ್ನು ಕಾಯಿಸಿದ ಮೇಲೆ ಕತ್ತರಿಸಲು ಬರೋಲ್ಲ, ತೂತು ಕೊರೆಯಲೂ ಬರೋಲ್ಲ. ಕೊರೆದರೆ ಇಡೀ ಗಾಜು ಪುಡಿ. ಆದ್ದರಿಂದ ಅಳತೆ ಎಲ್ಲಾ ಮೊದಲೇ ಆಗಬೇಕು, ಅದೂ ಟೈಲ್ಸ್ ಹಾಕಿ ಮುಗಿದ ಮೇಲೆ. ಗಾರೆ ಗೋಡೆಗೆ ಅಳತೆ ತೆಗೆದುಕೊಂಡು ಹೋಗುವವರಿಗೆ ಆರ್ಡರ್ ಕೊಡಬೇಡಿ. ಗೋಡೆಯಿಂದ ಗೋಡೆಗೆ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಬೇಕು. ಮೂರೂ ಒಂದೇ ಬಂದರೆ ನಿಮ್ಮ ಮೇಸ್ತ್ರಿಗೆ ನನ್ನ ನಮಸ್ಕಾರ ಹೇಳಿ. ಟವೆಲ್ ಕಂಬಿಯನ್ನು ಆಮೇಲೆ ಗಾಜಿಗೇ ಹಾಕಿಸೋಣ ಅನ್ನೋ ಯೋಚನೆ ಇದ್ದರೆ ಅದರ ತೂತೂ ಈಗಲೇ ಆಗಬೇಕು. ಆದರೆ ಆ ಕಂಬಿಯನ್ನು ಹಿಡಿದು ಏಳಲು ಹಿರಿಯರಿಗೆ ಬಿಡಬೇಡಿ, ಅವರಿಗೆ ಆಸರೆ ಹಿಡಿ ಗೋಡೆಗೇ ಬೇಕು.

ಟಫನ್ಡ್ ಗಾಜಿನ ಮರ್ಮಸ್ಥಾನ ಅದರ ಅಂಚು. ನಡುವೆ ಗುದ್ದಿದರೆ ತಡೆದುಕೊಳ್ಳುತ್ತೆ, ಮೂಲೆಗೆ ಸ್ಟೀಲ್ ಬಕೆಟ್ಟಿನ ಕಂಠ ತಗುಲಿದರೆ ಪುಡಿಪುಡಿ. ಗಾಜಿನ ಬಾಗಿಲು ಹಾಕಿಸಿದ ಬಚ್ಚಲಿಗೆ ಪ್ಲಾಸ್ಟಿಕ್ ಬಕೆಟ್ಟೇ ಸರಿ. ಕೆಲವೊಮ್ಮೆ ಯಾರೂ ಮುಟ್ಟದೆಯೂ ಒಡೆಯೋದುಂಟು. ಗಾಜಿನೊಳಗೆ ಸೇರಿಕೊಂಡ ನಿಕಲ್ ಸಲ್ಫೈಡ್ ಎಂಬ ಕಣ ನಿಧಾನವಾಗಿ ಹಿಗ್ಗುತ್ತಾ ಹೋಗಿ ತಿಂಗಳೋ ವರ್ಷವೋ ಆದ ಮೇಲೆ ಒಡೆಯುತ್ತದೆ. ಅಪರೂಪ, ಆದರೆ ಆಗುತ್ತೆ. ಫ್ಯಾಕ್ಟರಿಯಲ್ಲೇ ಗಾಜನ್ನು ಮತ್ತೊಮ್ಮೆ ಗಂಟೆಗಟ್ಟಲೆ ಕಾಯಿಸಿಟ್ಟು ಅಂಥ ಗಾಜು ಅಲ್ಲೇ ಒಡೆಯುವಂತೆ ಮಾಡುವ ಹೀಟ್ ಸೋಕ್ ಪರೀಕ್ಷೆ ಇದೆ. ಸ್ವಲ್ಪ ಹೆಚ್ಚು ದುಡ್ಡು, ಕೇಳಿ ನೋಡಿ.

ಕಂಬಿ, ಚಕ್ರ ಮತ್ತು ಗೋಡೆ

ಎಲ್ಲರೂ ಗಾಜಿನ ಬಗ್ಗೆ ಚೌಕಾಸಿ ಮಾಡ್ತಾರೆ. ಆದರೆ ಮೊದಲು ಕೈಕೊಡೋದು ಕಂಬಿ, ಚಕ್ರಗಳೇ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ 304 ದರ್ಜೆ ಕೇಳಿ. 202 ದರ್ಜೆ ಅಗ್ಗ, ಹೊಸದರಲ್ಲಿ ಎರಡೂ ಒಂದೇ ಥರ ಫಳಫಳ, ಬಚ್ಚಲ ಹಬೆಗೆ 202ರಲ್ಲಿ ಬೇಗ ಕಂದು ಚುಕ್ಕೆ ಬರುತ್ತೆ. ಅಂಗಡಿಯಲ್ಲಿ ಅಯಸ್ಕಾಂತ ಇಟ್ಟು "ನೋಡಿ ಮೇಡಂ, ಅಂಟಲ್ಲ, ಒರಿಜಿನಲ್" ಅಂತ ತೋರಿಸ್ತಾರೆ. ಅಯಸ್ಕಾಂತ 202ಕ್ಕೂ ಸರಿಯಾಗಿ ಅಂಟೋಲ್ಲ! ಆ ಪರೀಕ್ಷೆಯಿಂದ ಏನೂ ಗೊತ್ತಾಗೋಲ್ಲ. ದರ್ಜೆಯನ್ನು ಜಿಎಸ್‌ಟಿ ಬಿಲ್ಲಿನಲ್ಲಿ ಬರೆಸಿಕೊಳ್ಳೋದೇ ದಾರಿ. ಗಾಜಿನ ಬೆಲೆ, ಹಾರ್ಡ್‌ವೇರ್ ಬೆಲೆ, ಕೂರಿಸುವ ಕೂಲಿ, ಸಾಗಾಣಿಕೆ ಬೇರೆ ಬೇರೆಯಾಗಿ ಬರೆಸಿ, ಇಲ್ಲದಿದ್ದರೆ ಎರಡು ಅಂಗಡಿಯ ರೇಟು ಹೋಲಿಸೋಕೆ ಆಗೋಲ್ಲ.

ಚಕ್ರ ಕಂಬಿಯಿಂದ ಎಗರದ ಹಾಗೆ ತಡೆ ಇದೆಯಾ, ಎರಡೂ ತುದಿಯಲ್ಲಿ ನಿಲ್ಲಿಸುವ ತಡೆಗುಂಡಿ ಇದೆಯಾ, ಕೆಳಗೆ ಗಾಜು ಓಲಾಡದಂತೆ ಹಿಡಿಯುವ ಗೈಡ್ ಇದೆಯಾ, ಲೋಹಕ್ಕೂ ಗಾಜಿಗೂ ನಡುವೆ ರಬ್ಬರ್ ವಾಷರ್ ಇದೆಯಾ, ಇಷ್ಟನ್ನೂ ನಿಂತು ನೋಡಿ. ಅಂಚಿಗೆ ಹಾಕುವ ಪ್ಲಾಸ್ಟಿಕ್ ಪಟ್ಟಿ ಕೆಲವು ವರ್ಷಕ್ಕೆ ಹಳದಿಯಾಗುತ್ತೆ, ಅದನ್ನು ಮಾತ್ರ ಬದಲಾಯಿಸಲು ಸಿಗುತ್ತಾ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಇಷ್ಟೂ ಭಾರ ನಿಲ್ಲೋದು ಗೋಡೆಯಲ್ಲಿ. ಸೈಜುಗಲ್ಲು, ಇಟ್ಟಿಗೆ, ಗಟ್ಟಿ ಸಿಮೆಂಟ್ ಬ್ಲಾಕ್ ಆದರೆ ಬೋಲ್ಟ್ ಹಿಡಿಯುತ್ತೆ. ಟೊಳ್ಳು ಬ್ಲಾಕ್ ಅಥವಾ ಹಗುರ ಬ್ಲಾಕ್ ಆದರೆ ಹಿಡಿಯೋದು ಕಷ್ಟ. ಮನೆ ಇನ್ನೂ ಕಟ್ಟುತ್ತಿದ್ದರೆ ಕಂಬಿ ಬರುವ ಎತ್ತರದಲ್ಲಿ, ಆರೂವರೆ ಏಳು ಅಡಿಯ ಹತ್ತಿರ, ಎರಡೂ ಗೋಡೆಯಲ್ಲಿ ಒಂದೊಂದು ಅಡಿ ಕಾಂಕ್ರೀಟ್ ತುಂಬಿಸಿ ಅಂತ ಮೇಸ್ತ್ರಿಗೆ ಹೇಳಿ. ಅರ್ಧ ದಿನದ ಕೆಲಸ ಅಷ್ಟೇ. ಹಾಗೇ ಗೋಡೆ ಒಳಗೆ ನೀರಿನ ಪೈಪು, ಕರೆಂಟಿನ ಪೈಪು ಎಲ್ಲೆಲ್ಲಿ ಹೋಗಿವೆ ಅಂತ ಪ್ಲಾಸ್ಟರ್ ಆಗುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಗಾಜಿನವನು ಡ್ರಿಲ್ ಹಿಡಿದು ನಿಂತಾಗ ಆ ಫೋಟೋದ ಬೆಲೆ ಗೊತ್ತಾಗುತ್ತೆ.

ನೆಲದ ವಾಟ ನೀರಿನ ಜಾಲರಿ ಕಡೆಗೇ ಇರಬೇಕು, ಜಾಲರಿ ಗಾಜಿನ ಒಳಗೇ ಇರಬೇಕು. ಗಾಜಿನ ಕೆಳಗೆ ಒಂದು ಇಂಚು ಎತ್ತರದ ಗ್ರಾನೈಟ್ ಪಟ್ಟಿ, ಅದರ ಮೇಲ್ಮೈಯೂ ಒಳಮುಖವಾಗಿ ಕೊಂಚ ಇಳಿಜಾರು. ಟೈಲ್ಸ್ ಹಾಕುವ ದಿನ ಒಂದು ಚೊಂಬು ನೀರು ಚೆಲ್ಲಿ ಎತ್ತ ಹರಿಯುತ್ತೆ ನೋಡಿ, ಸಂಕೋಚ ಬೇಡ.

ಗ್ಯಾಸ್ ಗೀಸರ್ ಇದ್ದರೆ...

ಇದನ್ನು ಮಾತ್ರ ಎರಡು ಸಲ ಓದಿ. ಗ್ಯಾಸ್ ಗೀಸರ್ ಸ್ನಾನದ ಕೋಣೆಯೊಳಗೆ ಇರಲೇಬಾರದು. ಅದು ಉರಿಯುವಾಗ ಕೋಣೆಯ ಆಮ್ಲಜನಕ ಕಡಿಮೆಯಾಗುತ್ತೆ, ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತಿದಂತಾಗಿ ಬೀಳುವಷ್ಟರಲ್ಲಿ ಕೂಗಲೂ ಶಕ್ತಿ ಇರೋಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬರಲೇ ಇಲ್ಲ ಅನ್ನೋ ಸುದ್ದಿಯನ್ನು ನಮ್ಮ ರಾಜ್ಯದಲ್ಲೇ ಎಷ್ಟು ಸಲ ಓದಿದ್ದೇವೆ. ಗಾಜಿನ ಬಾಗಿಲು ಹಾಕಿಸುವವರು "ಹಬೆ ಹೊರಗೆ ಹೋಗದಿರಲಿ" ಅಂತ ಗಾಜನ್ನು ಚಾವಣಿ ತನಕ ಒಯ್ಯೋದುಂಟು, ಕಿಟಕಿಯನ್ನೂ ಮುಚ್ಚೋದುಂಟು. ಬೇಡ. ಗಾಜಿನ ಮೇಲೆ ಕನಿಷ್ಠ ಒಂದು ಅಡಿಯಾದರೂ ತೆರೆದಿರಲಿ, ಕಿಟಕಿ ಅಥವಾ ಎಕ್ಸಾಸ್ಟ್ ಫ್ಯಾನ್ ಇರಲಿ. ಗ್ಯಾಸ್ ಗೀಸರ್ ಹೊರಗೋಡೆಯ ಮೇಲೆ, ಗಾಳಿಯಾಡುವ ಕಡೆ ಇದ್ದು ಬಿಸಿನೀರು ಮಾತ್ರ ಪೈಪಿನಲ್ಲಿ ಒಳಗೆ ಬರಲಿ. ಸೋಲಾರ್ ಇದ್ದರಂತೂ ಚಿಂತೆಯೇ ಇಲ್ಲ.

ಜಾರುಬಾಗಿಲಿನ ಒಂದು ಗುಣ ಇಲ್ಲಿ ಹೇಳಬೇಕು. ಒಳಗೆ ಯಾರಾದರೂ ಬಿದ್ದರೆ, ಒಳಕ್ಕೆ ತೆರೆಯುವ ಬಾಗಿಲನ್ನು ಅವರ ಮೈಯೇ ತಡೆಯುತ್ತದೆ. ಜಾರುಬಾಗಿಲು ಹೊರಗಿನಿಂದ ಸರಿಸಿದರೆ ಸರಿಯುತ್ತೆ. ಅದಕ್ಕೇ ಗಾಜಿನ ಬಾಗಿಲಿಗೆ ಒಳಗಿಂದ ಚಿಲಕ ಇಡಿಸಬೇಡಿ. ಬಾತ್‌ರೂಮಿನ ಹೊರಬಾಗಿಲಿಗೂ ಎರಡೂ ಕಡೆಯಿಂದ ತೆಗೆಯಬಹುದಾದ ಬೀಗ ಇದ್ದರೆ ಇನ್ನೂ ಒಳ್ಳೆಯದು.

ಬೇಡ ಅನ್ನಿಸಿದರೆ ನಾಚಿಕೆ ಏನಿಲ್ಲ

ಇಷ್ಟೆಲ್ಲ ಓದಿ "ಯಾಕಪ್ಪಾ ಈ ರಗಳೆ" ಅನ್ನಿಸಿತಾ? ಬಾಗಿಲೇ ಇಲ್ಲದೆ ಒಂದೇ ಒಂದು ಗಾಜನ್ನು ಗೋಡೆಗೆ ನಿಲ್ಲಿಸಬಹುದು. ಕಂಬಿಯಿಲ್ಲ, ಚಕ್ರವಿಲ್ಲ, ಒರೆಸುವ ಕೆಲಸ ಅರ್ಧ, ಹೋಗಿ ಬರಲು ಧಾರಾಳ ಜಾಗ. ನನಗಂತೂ ಇದೇ ಇಷ್ಟ. ಒಳ್ಳೆಯ ಪರದೆಯನ್ನೂ ಕೀಳಾಗಿ ಕಾಣಬೇಕಾಗಿಲ್ಲ, ಕೊಳೆಯಾದರೆ ತೆಗೆದು ಒಗೆದು ಹಾಕಬಹುದು. ಗಾಜನ್ನು ಒಗೆಯಲಾದೀತೇ?

ನಾದಿನಿಯ ಮನೆಯಲ್ಲಿ ಕೊನೆಗೆ ಆದ ತೀರ್ಮಾನ ಹೀಗೆ. ಕೆಳಗಿನ ಬಚ್ಚಲು ಅತ್ತೆಯವರದ್ದು. ಅಲ್ಲಿ ಗಾಜೇ ಇಲ್ಲ, ಒಂದು ಇಂಚಿನ ಪಟ್ಟಿ, ಪರದೆ, ಜಾರದ ಒರಟು ಟೈಲ್ಸ್, ಗೋಡೆಗೆ ಎರಡು ಆಸರೆ ಹಿಡಿ, ಕೂರಲು ಸ್ಟೂಲ್. ಮಹಡಿಯ ಬಚ್ಚಲಿನ ಅಗಲ ಐದೂವರೆ ಅಡಿ ಇದೆ, ಅಲ್ಲಿ ಜಾರುಬಾಗಿಲು. ಗೋಡೆಯಲ್ಲಿ ಕಾಂಕ್ರೀಟ್ ಈಗಾಗಲೇ ತುಂಬಿಸಿದ್ದಾರೆ. ಮಹಡಿಯ ಮಳೆ ನೀರಿಗೆ ಸಂಪಿನ ಗುಂಡಿಯೂ ತೋಡಿದ್ದಾಯಿತು. "ಒರೆಸೋದು ಮಾತ್ರ ಸ್ನಾನ ಮಾಡಿದೋರೇ" ಅಂತ ನಾದಿನಿ ಗಂಡನ ಕೈಲಿ ಒಪ್ಪಿಸಿಕೊಂಡಿದ್ದಾಳೆ. ವರ್ಷ ಕಳೆದ ಮೇಲೆ ಹೋಗಿ ಗಾಜು ನೋಡಿ ಹೇಳ್ತೀನಿ ಅಂದಿದ್ದೀನಿ!

ದಿನದ ಕೆಲಸ

ಗಾಜು ಒರೆಸಲು ಸಣ್ಣ ರಬ್ಬರ್ ವೈಪರ್ ಒಂದನ್ನು ಶವರ್ ಪಕ್ಕದಲ್ಲೇ ನೇತುಹಾಕಿ. ಅಲಮಾರಿಯಲ್ಲಿಟ್ಟರೆ ಯಾರೂ ತೆಗೆಯೋಲ್ಲ. ಸ್ನಾನ ಮುಗಿದ ತಕ್ಷಣ, ಗಾಜು ಒದ್ದೆ ಇರುವಾಗಲೇ ಮೇಲಿಂದ ಕೆಳಕ್ಕೆ ಎಳೆಯಬೇಕು. ಎರಡು ನಿಮಿಷ ಸಾಕು. ವಾರಕ್ಕೊಮ್ಮೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆದು ಒಣಗಿಸಿ. ಹಿಂಡಿದ ನಿಂಬೆಹೋಳಿನಿಂದ ಉಜ್ಜಿದರೂ ಆದೀತು. ನೆಲಕ್ಕೆ ಮಾರ್ಬಲ್ ಹಾಕಿಸಿದ್ದರೆ ಹುಳಿ ಅದರ ಮೇಲೆ ಬೀಳದಂತೆ ನೋಡಿಕೊಳ್ಳಿ, ಹೊಳಪು ಹೋಗಿಬಿಡುತ್ತೆ. ಎಣ್ಣೆ ಸ್ನಾನದ ದಿನ ಮೊದಲು ಸೋಪು ನೀರು, ಆಮೇಲೆ ಮಿಕ್ಕಿದ್ದು.

ಬಾತ್‌ರೂಮ್ ಆ್ಯಸಿಡ್ ಬಾಟಲಿಯನ್ನು ಗಾಜಿನ ಹತ್ತಿರಕ್ಕೂ ತರಬೇಡಿ. ಅದರ ಹೊಗೆಗೇ ಒಳ್ಳೆಯ ಸ್ಟೀಲ್ ಕಂಬಿಯೂ ತುಕ್ಕು ಹಿಡಿಯುತ್ತೆ. ಆ್ಯಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಎರಡನ್ನೂ ಒಟ್ಟಿಗೆ ಹಾಕಿದರೆ ವಿಷದ ಅನಿಲ ಬರುತ್ತೆ, ಕೆಲಸಕ್ಕೆ ಬರುವವರಿಗೂ ಇದನ್ನು ಹೇಳಿಡಿ. ತಂತಿ ಉಜ್ಜುಗ, ಪಾತ್ರೆ ಪುಡಿ ಬೇಡವೇ ಬೇಡ.

ಕೂರಿಸಿದ ದಿನ ಸಿಲಿಕಾನ್ ಒಣಗಲು 24 ಗಂಟೆ ಬಿಡಬೇಕು, ಅಲ್ಲಿಯ ತನಕ ಆ ಬಚ್ಚಲಿಗೆ ಬೀಗ. ಆಮೇಲೆ ಆರು ತಿಂಗಳಿಗೊಮ್ಮೆ ಚಕ್ರದ ಸ್ಕ್ರೂಗಳು ಸಡಿಲವಾಗಿವೆಯಾ ನೋಡಿ, ಕಂಬಿಯ ಮೇಲಿನ ಕೂದಲು, ಧೂಳು ಒಣ ಬಟ್ಟೆಯಲ್ಲಿ ತೆಗೆಯಿರಿ. ಜಾರುವಾಗ ಕಿರ್ರ್ ಅಂತ ಸದ್ದು ಬಂದರೆ, ಒಂದು ಕಡೆ ವಾಲಿದಂತೆ ಕಂಡರೆ, ಎಣ್ಣೆ ಬಿಟ್ಟು ಸುಮ್ಮನಾಗಬೇಡಿ, ಹಾಕಿದವರನ್ನೇ ಕರೆಸಿ. ಅವರು ಬರುವ ತನಕ ಮಕ್ಕಳನ್ನು ಆ ಕಡೆ ಬಿಡಬೇಡಿ.